ನಾಲ್ಕನೆಯ ಟೇಪು

೨೦೨೪ರ ನವೆಂಬರ್ ನಾಲ್ಕು, ಸೋಮವಾರ. ಹದಿನೈದು ದಿನದೊಳಗೆ ತಂದುಕೊಡುತ್ತೇನೆಂದು ಹೇಳಿ ಹೋಗಿದ್ದ ಮದುವೆಯ ಕ್ಯಾಸೆಟ್ಟನ್ನು ಪ್ರಭುದೇವ್ ಏಳು ಸಾವಿರದ ನೂರ ಆರನೆಯ ದಿನ ತಂದ.

ಲೆಕ್ಕ ವೇದಾವತಿಯದು. ಮಧುಗಿರಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಅವಳಿಗೆ ಇಷ್ಟಕ್ಕೆ ಕಾಗದ ಬೇಕಾಗುತ್ತಿರಲಿಲ್ಲ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಹೆಗಲಿಗೆ ಚೀಲ ಏರಿಸಿಕೊಂಡು ನಿಂತವನನ್ನು ಗುರುತಿಸಲು ಎರಡು ಸೆಕೆಂಡು ಹಿಡಿಯಿತು. ೨೦೦೫ರ ಮೇ ಇಪ್ಪತ್ತೆರಡರಿಂದ ಇಂದಿನವರೆಗಿನ ದಿನಗಳನ್ನು ಕೂಡಲು ಅದಕ್ಕಿಂತ ಸ್ವಲ್ಪ ಹೆಚ್ಚು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಎಡಗಣ್ಣನ್ನು ಕಿರಿದು ಮಾಡಿ, ಲೋಕವೆಲ್ಲ ಒಂದು ಸಣ್ಣ ಚೌಕದೊಳಗೆ ಇದೆಯೆಂಬಂತೆ ನೋಡುವ ಅಭ್ಯಾಸ ಮಾತ್ರ ಹಾಗೆಯೇ ಇತ್ತು.

"ನಮಸ್ಕಾರ ಮೇಡಂ. ನಾನು..."

"ಗೊತ್ತು. ವೀಡಿಯೋದವರು."

"ಕ್ಯಾಸೆಟ್ ತಂದಿದೀನಿ."

"ಬೇಗ ತಂದಿರಿ," ಎಂದಳು ವೇದಾವತಿ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಟೆಂಡರ್ ಸಂಜೀವಯ್ಯ, ಏನೂ ಅರ್ಥವಾಗದಿದ್ದರೂ, ಕೆಮ್ಮಿನೊಳಗೆ ನಕ್ಕ.

ಮದುವೆ ಅವಳದಲ್ಲ, ತಂಗಿ ಶೃತಿಯದು. ಪಾವಗಡದ ಅನಿಲ್ ಕುಮಾರನ ಮನೆಯವರು ಕೇಳಿಕೊಂಡು ಬಂದದ್ದೇ ಚಿಕ್ಕವಳನ್ನು. ಕೆಲಸ ಸಿಗುವವರೆಗೆ ಮದುವೆಯ ಮಾತು ಬೇಡವೆಂದು ದೊಡ್ಡವಳು ಹಟ ಹಿಡಿದಿದ್ದಳು. ಹಾಗಾಗಿ ಗೊರವನಹಳ್ಳಿಯ ಛತ್ರದಲ್ಲಿ ಇಪ್ಪತ್ತಾರರ ಅಕ್ಕ ನಿಂತು, ಇಪ್ಪತ್ತೆರಡರ ತಂಗಿಯ ಮದುವೆ ಮಾಡಿಸಿದಳು. ಕೊರಟಗೆರೆಯಿಂದ ಒಂದೇ ಒಂದು ಕ್ಯಾಮೆರಾ ಹಿಡಿದು ಬಂದಿದ್ದ ಪ್ರಭುದೇವನಿಗೆ ಆಗ ಇಪ್ಪತ್ತೆಂಟು. ಎರಡು ದಿನವೂ ಅವನದು ಒಂದೇ ಮಾತು: "ಟೀಚರ್, ಒಸಿ ಈ ಕಡೆ ಬನ್ನಿ, ಬೆಳಕು ನೋಡ್ಬೇಕು." ಅವಳಿನ್ನೂ ಟೀಚರ್ ಆಗಿರಲಿಲ್ಲ, ಬಿ.ಎಡ್. ಮುಗಿಸಿದ್ದಳಷ್ಟೆ. ಅವನು ನೋಡಬೇಕಾದ ಬೆಳಕು ಪ್ರತಿ ಸಲವೂ ಅವಳ ಮುಖದ ಮೇಲೆಯೇ ಇರುತ್ತಿತ್ತು.

ಹೊರಡುವಾಗ ಅವನು ಹೇಳಿದ್ದ: "ಹದಿನೈದು ದಿನ. ಕ್ಯಾಸೆಟ್ ಕೊಡಾಕೆ ನಾನೇ ಬರ್ತೀನಿ. ಅವತ್ತು ನಿಮ್ಮಪ್ಪಾರ ಹತ್ರ ಇನ್ನೊಂದು ಮಾತು ಕೇಳೋದೈತೆ."

ಯಾವ ಮಾತೆಂದು ಅವಳು ಕೇಳಲಿಲ್ಲ. ಹದಿನೈದನೆಯ ದಿನ ಹಸಿರು ಸೀರೆ ಉಟ್ಟಳು. ಹದಿನಾರನೆಯ ದಿನವೂ ಅದನ್ನೇ ಉಟ್ಟಳು. ಹದಿನೇಳನೆಯ ದಿನ ಒಗೆದು, ಮಡಿಸಿ, ಟ್ರಂಕಿನ ತಳಕ್ಕೆ ಹಾಕಿದಳು.

ಆಮೇಲೆ ಸುದ್ದಿ ಬಂತು: ಕ್ಯಾಮೆರಾ ಟೇಪನ್ನು ಕಚ್ಚಿಕೊಂಡು ಹಾಳು ಮಾಡಿದೆ, ಕ್ಯಾಸೆಟ್ ಇಲ್ಲ. ಊರೂರಲ್ಲಿ ಅವನ ಹೆಸರು ಕೆಟ್ಟಿತು. ಮದುವೆಗೆ ಕರೆಯುವವರಿಲ್ಲದೆ ಅವನು ಕೊರಟಗೆರೆ ಬಿಟ್ಟ. ಅವಳ ಅಪ್ಪ ರಂಗಯ್ಯ ಮಾತ್ರ ಬೈಯಲಿಲ್ಲ. ವರ್ಷಕ್ಕೊಮ್ಮೆ, ಶೃತಿಯ ಮದುವೆಯ ದಿನ ಬಂದಾಗ, ಊಟದ ತಟ್ಟೆಯ ಮುಂದೆ ಒಂದು ಪ್ರಶ್ನೆ ಕೇಳುತ್ತಿದ್ದ: "ಆ ಹುಡ್ಗ ಬಂದಿದ್ನಾ?" ಕ್ಯಾಸೆಟ್ ಬಂತೇ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಆ ವ್ಯತ್ಯಾಸ ವೇದಾವತಿಯ ಗಮನಕ್ಕೆ ಬಂದಿರಲಿಲ್ಲ. ಕಳೆದ ಮಾರ್ಚಿನಲ್ಲಿ ರಂಗಯ್ಯ ತೀರಿಕೊಂಡ.

ಈ ನಡುವೆ ಅವಳಿಗೆ ಆರು ಸಂಬಂಧಗಳು ಬಂದಿದ್ದವು. ಆರಕ್ಕೂ ಒಂದೊಂದು ಕಾರಣ ಹೇಳಿದ್ದಳು. ಆರಕ್ಕೂ ಕಾರಣ ಒಂದೇ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

"ಕ್ಯಾಮೆರಾ ನುಂಗಿತು ಅಂದಿದ್ದಿರಿ," ಎಂದಳು ಈಗ.

"ನುಂಗಿರ್ಲಿಲ್ಲ."

"ಮತ್ತೆ ಯಾಕೆ ಬರಲಿಲ್ಲ?"

ಅವನು ಬಗ್ಗಿ ಚೀಲದ ಜಿಪ್ಪು ಎಳೆದ. "ಮೊದ್ಲು ವೈರ್ ಹಾಕಿ ನೋಡಾನ ಮೇಡಂ. ಓಡ್ತದೋ ಇಲ್ವೋ."

ಅವನೀಗ ಬುಕ್ಕಾಪಟ್ಟಣದ ಚಿಂಕಾರ ಜಿಂಕೆಗಳ ಅಭಯಾರಣ್ಯದಲ್ಲಿ ಗುತ್ತಿಗೆಯ ಮೇಲೆ ವೀಡಿಯೋ ತೆಗೆಯುತ್ತಿದ್ದ. ಹೋದ ತಿಂಗಳು ಕಾಲೇಜಿನ ಹುಡುಗಿಯರ ಗುಂಪೊಂದು ಅಲ್ಲಿಗೆ ಹೋಗಿತ್ತು. ಅದರಲ್ಲಿ ಶೃತಿಯ ಮಗಳು ಚೈತ್ರಳೂ ಇದ್ದಳು. ಹೆಸರು ಕೇಳಿದವಳೇ, "ನಮ್ಮಮ್ಮನ ಮದ್ವೆ ಕ್ಯಾಸೆಟ್ ನುಂಗಿದ ಪ್ರಭುದೇವ್ ನೀವೇನಾ ಸಾರ್?" ಎಂದು ಎಲ್ಲರೆದುರು ಕೇಳಿದ್ದಳು. ಆಮೇಲೆ ಮೆಲ್ಲಗೆ ಹೇಳಿದ್ದಳು: ತಾತ ಹೋದರು, ಫೋಟೋ ಇದೆ, ದನಿ ಎಲ್ಲೂ ಇಲ್ಲ, ಅಜ್ಜಿ ಅಶ್ವತ್ಥಮ್ಮನಿಗೆ ಆ ದನಿಯನ್ನು ಇನ್ನೊಮ್ಮೆ ಕೇಳಬೇಕಂತೆ.

ಟೇಪುಗಳೂ ಕ್ಯಾಮೆರಾವೂ ಅವನ ಪೆಟ್ಟಿಗೆಯಲ್ಲಿದ್ದವು. ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರಿನಲ್ಲಿ ಜೋಡಿಸಿದರೆ ಬಂದದ್ದು ಕ್ಯಾಮೆರಾದ ಕಾರ್ಡಿನಲ್ಲಿದ್ದ ಹದಿನಾಲ್ಕು ಫೋಟೋ ಮಾತ್ರ. ಟೇಪಿನಲ್ಲಿದ್ದದ್ದು ಇಳಿಯಬೇಕಾದರೆ ಫೈರ್‌ವೈರ್ ಎಂಬ ಬೇರೆಯದೇ ವೈರು ಬೇಕು, ಅದಕ್ಕೆ ತಕ್ಕ ತೂತಿರುವ ಕಂಪ್ಯೂಟರೂ ಬೇಕು. ವೈರು ಅವನ ಬಳಿ ಇತ್ತು. ಕಂಪ್ಯೂಟರಿಗಾಗಿ ಸಿರಾದಲ್ಲಿ ನಾಲ್ಕು ಅಂಗಡಿ ಹತ್ತಿಳಿದ. ಕೊನೆಯ ಅಂಗಡಿಯವನು, "ಅರೆ ಭಾಯ್, ಇದು ನಮ್ಮ ಅಬ್ಬಾ ಕಾಲದ್ದು, ಬಿಟ್ಬಿಡಿ," ಎಂದು ವೈರನ್ನು ಮುಟ್ಟಿ ನೋಡಿ ಹಿಂದಿರುಗಿಸಿದ್ದ. ಕೊನೆಗೆ ದಾರಿ ತೋರಿಸಿದವಳು ಚೈತ್ರಳೇ: "ದೊಡ್ಡಮ್ಮನ ಸ್ಕೂಲಲ್ಲಿ ಒಂದು ಮುದಿ ಕಂಪ್ಯೂಟರ್ ಐತೆ ಸಾರ್. ಅದಕ್ಕೆ ಇಲ್ಲದಿರೋ ತೂತೇ ಇಲ್ಲ. ನೀವೇ ಹೋಗಿ ಕೇಳಿ, ನಾನು ಹೇಳಲ್ಲ."

ಮೂಲೆಯ ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ವೇದಾವತಿ ತೆಗೆದಳು. ೨೦೦೭ರಲ್ಲಿ ಬಂದದ್ದು, ದಾಸ್ತಾನು ಪುಸ್ತಕದಲ್ಲಿ ಅವಳದೇ ಸಹಿ. ಅದರ ಮುಂಭಾಗದಲ್ಲಿ ಒಂದು ಸಣ್ಣ ತೂತಿತ್ತು. ಹದಿನೇಳು ವರ್ಷ ಅದು ಯಾತಕ್ಕೆಂದು ಯಾರೂ ಕೇಳಿರಲಿಲ್ಲ. ಪ್ರಭುದೇವ್ ವೈರಿನ ಒಂದು ತುದಿಯನ್ನು ಕ್ಯಾಮೆರಾಕ್ಕೆ, ಇನ್ನೊಂದನ್ನು ಆ ತೂತಿಗೆ ಒತ್ತಿದ. ಸರಿಯಾಗಿ ಕೂತಿತು.

ಆದರೂ ಪರದೆಯ ಮೇಲೆ ಕ್ಯಾಮೆರಾ ಸಿಗುತ್ತಿಲ್ಲವೆಂದೇ ಬಂತು. ಅವನು ವೈರು ತೆಗೆದ, ಊದಿದ, ಮತ್ತೆ ಹಾಕಿದ. ಸಿಗಲಿಲ್ಲ. ವೇದಾವತಿ ಕ್ಯಾಮೆರಾದ ಪಕ್ಕದ ಗುಂಡಿಯತ್ತ ಬೆರಳು ತೋರಿಸಿದಳು.

"ಇದು ಯಾವುದರ ಮೇಲಿದೆ?"

"ರೆಕಾರ್ಡ್."

"ಬರೆ ಅಂತ ಹೇಳಿಟ್ಟು, ಓದು ಅಂದರೆ ಅದು ಹೇಗೆ ಓದೀತು?"

ಅವನು ಗುಂಡಿಯನ್ನು 'ಪ್ಲೇ'ಗೆ ತಿರುಗಿಸಿದ. ಕಂಪ್ಯೂಟರು 'ಟಣ್' ಎಂದಿತು. ಅವನು ನಕ್ಕು ತಲೆ ಎತ್ತಿದ. ಅವಳು ಪರದೆಯತ್ತ ತಿರುಗಿದಳು, ಆದರೆ ಒಂದು ಕ್ಷಣ ತಡವಾಗಿ.

"ಒಂದು ಟೇಪಿಗೆ ಎಷ್ಟು ಹೊತ್ತು?"

"ಒಂದು ಗಂಟೆ."

"ಬೇಗ ಓಡಿಸಲು ಬರುವುದಿಲ್ಲವೇ?"

"ಇಲ್ಲ ಮೇಡಂ. ಆವಾಗ ಎಷ್ಟು ಹೊತ್ತು ಆಗಿತ್ತೋ, ಈವಾಗ್ಲೂ ಅಷ್ಟೇ ಹೊತ್ತು ಕೂರ್ಬೇಕು."

ಅವಳು ಡಿಸ್ಕಿನಲ್ಲಿ ಉಳಿದ ಜಾಗ ನೋಡಿದಳು. ಟೇಪಿಗೆ ಹದಿಮೂರು ಜಿಬಿಯಂತೆ ಐದಕ್ಕೆ ಅರವತ್ತೈದು. ಖಾಲಿ ಇದ್ದದ್ದು ಹದಿನೆಂಟು. ಒಂದು ಇಳಿಸಿ, ಅವನು ತಂದ ಡಿಸ್ಕಿಗೆ ದಾಟಿಸಿ, ಅಳಿಸಿ, ಆಮೇಲೆ ಇನ್ನೊಂದು. ಶಾಲೆ ಬಿಡುವುದು ನಾಲ್ಕೂವರೆಗೆ, ಸಂಜೀವಯ್ಯ ಬೀಗ ಹಾಕುವುದು ಆರಕ್ಕೆ. ದಿನಕ್ಕೊಂದೇ ಟೇಪು.

"ಐದು ಸಂಜೆ," ಎಂದಳು.

"ಐದು ಸಂಜೆ," ಎಂದ ಅವನು, ಯಾರೋ ತನಗೆ ಏನನ್ನೋ ಕೊಟ್ಟಂತೆ.

ಟೇಪು ಓಡುವಾಗ ಮೌಸ್ ಮುಟ್ಟಬಾರದು. ಮುಟ್ಟಿದರೆ ಚಿತ್ರ ಹರಿಯುತ್ತದೆ. ಹೀಗಾಗಿ ಇಬ್ಬರ ಕೈಗಳೂ ಮೇಜಿನ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು. ನಡುವೆ ಒಂದು ಸ್ಕೇಲಿನಷ್ಟು ಅಂತರ. ಸ್ಪೀಕರಿನಿಂದ ವಾಲಗದ ಸದ್ದು ಹೊರಟಾಗ ಅವನು ಬೆಚ್ಚಿದ.

"ಇದರ ಸದ್ದು ನಾನು ಕೇಳ್ತಿರೋದು ಇದೇ ಮೊದ್ಲು. ಕ್ಯಾಮೆರಾ ಸ್ಪೀಕರ್ ಆ ಮದುವೆಗೆ ಮುಂಚೇನೇ ಸತ್ತೋಗಿತ್ತು. ಎಡಿಟಿಂಗಿಗೆ ತುಮಕೂರಿಗೆ ಕೊಡ್ತಿದ್ದೆ. ಇವನ್ನ ಕೊಡ್ಲೇ ಇಲ್ಲ. ಈ ಅಂಗೈಯಗಲದ ಪರದೇಲಿ ಮೂಕ ಬೊಂಬೆ ಹಂಗೆ ನೋಡಿದ್ದಷ್ಟೇ."

"ಎಷ್ಟು ಸಲ?"

ಅವನು ಖಾಲಿ ಟೇಪಿನ ಡಬ್ಬಿಯನ್ನು ತೆರೆದು ಮುಚ್ಚಿದ.

ಮಂಗಳವಾರ ಎರಡನೆಯ ಟೇಪು. ಪರದೆಯ ಮೇಲೆ ಇಪ್ಪತ್ತಾರರ ವೇದಾವತಿ ಮಲ್ಲಿಗೆಯ ದಂಡೆ ಹಿಡಿದು ಓಡಾಡುತ್ತಿದ್ದಳು. ಒಂದೆಡೆ ಫಕ್ಕನೆ ನಿಂತು ನೇರ ಕ್ಯಾಮೆರಾದತ್ತ ಬಂದಳು. "ನನ್ನನ್ಯಾಕ್ರೀ ತೆಗೀತೀರಾ? ಮದುವೆ ಹೆಣ್ಣು ಅಲ್ಲಿದ್ದಾಳೆ!" ಕ್ಯಾಮೆರಾದ ಹಿಂದಿನಿಂದ ಒಂದು ಎಳೆಯ ದನಿ: "ಬೆಳಕು ನೋಡ್ತಿದೀನಿ ಟೀಚರ್."

ನಲವತ್ತೈದರ ವೇದಾವತಿ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ಈ ಟೇಪಿನಲ್ಲಿ ಮದುಮಗಳು ಹದಿನಾಲ್ಕು ಸಲ ಬಂದಿದ್ದಾಳೆ. ನಾನು ಹತ್ತೊಂಬತ್ತು ಸಲ. ಮದುವೆ ಯಾರದಾಗಿತ್ತು?"

"ಲೆಕ್ಕ ಇಡ್ತಿದೀರಾ?"

"ಅದೇ ನನ್ನ ಕೆಲಸ."

"ಹದಿನೆಂಟು," ಎಂದ ಅವನು. "ಒಂದ್ಸಲ ಬಂದಿದ್ದು ನಿಮ್ಮ ಸೋದರತ್ತೆ. ಹಿಂದಿನಿಂದ ಒಂದೇ ಥರ ಕಾಣ್ತಿದ್ರಿ. ನಾನೂ ಮೋಸ ಹೋದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಕೈ ಬಾಯಿಗೆ ಹೋಯಿತು. ಮರಳಿ ಮೇಜಿನ ಮೇಲಿಟ್ಟಾಗ ಸ್ಕೇಲಿನ ಅಂತರ ಅರ್ಧ ಸ್ಕೇಲಾಗಿತ್ತು. ಇಬ್ಬರೂ ಅದನ್ನು ಕಂಡರು. ಇಬ್ಬರೂ ಕೈ ತೆಗೆಯಲಿಲ್ಲ.

ಬುಧವಾರ, ಮೂರನೆಯ ಟೇಪಿನ ಮೂವತ್ತೆಂಟನೆಯ ನಿಮಿಷದಲ್ಲಿ ಕರೆಂಟು ಹೋಯಿತು. ಜಗಲಿಗೆ ಬಂದು ನಿಂತರು. ಎದುರಿಗೆ ಮಧುಗಿರಿಯ ಬೆಟ್ಟ ಇಳಿಬಿಸಿಲಿನಲ್ಲಿ ಕೆಂಪಾಗಿತ್ತು. ಸಂಜೀವಯ್ಯ ಎರಡು ಲೋಟ ಚಹಾ ತಂದಿಟ್ಟು, "ಅಲ್ಲ ಸಾ, ಒಂದು ಮದ್ವೆ ನೋಡಾಕೆ ಎಷ್ಟ್ ದಿನ ಬೇಕು? ನಂದಾದ್ರೆ ಅರ್ಧ ಗಂಟೇಲಿ ಮುಗುದ್ಬುಡ್ತು ಕಣ್ರೀ," ಎಂದು ಹೋದ.

"ಚಿಂಕಾರ ಹೇಗಿರುತ್ತದೆ?" ಎಂದು ವೇದಾವತಿ ಕೇಳಿದಳು.

"ನೀವು ನೋಡ್ತಾ ಇದ್ರೆ ಬರಲ್ಲ. ಕಲ್ಲಿನಂಗೆ ಕೂತಿರ್ಬೇಕು. ಬೇರೆ ಕಡೆ ನೋಡ್ತಿರೋನಂಗೆ ಇರ್ಬೇಕು. ಒಂದೊಂದ್ಸಲ ಮೂರು ದಿನ ಕಾದಿದೀನಿ, ಇಪ್ಪತ್ತು ಸೆಕೆಂಡಿಗೆ."

"ಮೂರು ದಿನ ಹೆಚ್ಚೇನಲ್ಲ."

ಅವನು ಚಹಾದ ಲೋಟವನ್ನು ಅಂಗೈಯೊಳಗೆ ತಿರುಗಿಸಿದ.

"ಮನೆಯಲ್ಲಿ ಯಾರಿದ್ದಾರೆ?" ಎಂದಳು.

"ಅವ್ವ ಇದ್ಲು. ಹೋದ್ಲು. ಈಗ ನಾನೇ."

"ಮದುವೆ?"

"ಆಗ್ಲಿಲ್ಲ."

"ಯಾಕೆ?"

"ನೀವ್ಯಾಕೆ ಆಗ್ಲಿಲ್ಲ?"

"ಮೊದಲು ಕೇಳಿದವಳು ನಾನು."

ಅವನು ಬಾಯಿ ತೆರೆದ. ಆಗಲೇ ಕರೆಂಟು ಬಂತು. ಒಳಗೆ ಹೋಗಿ ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಓಡಿಸಬೇಕಾಯಿತು. ಬೀಗದ ಹೊತ್ತು ಮೀರಿತೆಂದು ಸಂಜೀವಯ್ಯ ಗೊಣಗಿದ.

ಗುರುವಾರ ಅವನು ಚೀಲದಿಂದ ತೆಗೆದ ಟೇಪಿನ ಮೇಲೆ, ಅವನದೇ ಅಕ್ಷರದಲ್ಲಿ, '೫' ಎಂದಿತ್ತು.

"ಮೂರಾದ ಮೇಲೆ ಐದು ಬರುತ್ತದೆಯೇ?"

"ನಾಲ್ಕನೇದು ಬೂಷ್ಟು ಹಿಡಿದೈತೆ ಮೇಡಂ. ಓಡಲ್ಲ."

ಐದನೆಯ ಟೇಪು ಓಡಿತು: ಪಂಕ್ತಿಯ ಊಟ, ಹೆಣ್ಣು ಒಪ್ಪಿಸುವುದು, ಪಾವಗಡದ ಬಸ್ಸು. ದೂರದಲ್ಲಿ ರಂಗಯ್ಯ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ತುಟಿ ಅಲ್ಲಾಡಿತು, ಕೇಳಿದ್ದು ಬಸ್ಸಿನ ಇಂಜಿನ್ನು ಮಾತ್ರ. ನಾಲ್ಕು ಟೇಪು, ಇನ್ನೂರ ನಲವತ್ತು ನಿಮಿಷ. ಅಪ್ಪನ ದನಿ ಒಂದು ಸೆಕೆಂಡೂ ಇರಲಿಲ್ಲ.

ಟೇಪು ಮುಗಿದ ಮೇಲೆ ವೇದಾವತಿ ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ನಮ್ಮಮ್ಮನಿಗೆ ಎಪ್ಪತ್ತನಾಲ್ಕು. ದಿನಾ ಸಂಜೆ ಬಾಗಿಲಲ್ಲಿ ಕೂತು, ಸಿಕ್ಕಿತಾ ಎಂದು ಕೇಳುತ್ತಾಳೆ. ಅಪ್ಪ ಮಾತಾಡಿದ್ದರೆ ಧಾರೆಯ ಹೊತ್ತಿನಲ್ಲೇ ಮಾತಾಡಿರಬೇಕು. ಅದು ನಾಲ್ಕರಲ್ಲಿದೆ. ತನ್ನಿ."

"ಓಡಲ್ಲ ಅಂದ್ನಲ್ಲ..."

"ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಕ್ಯಾಮೆರಾ ನುಂಗಿತು ಎಂದು ಬೇರೆಯವರ ಬಾಯಲ್ಲಿ ಹೇಳಿಸಿದಿರಿ. ನೀವೇ ಬಂದು ಹೇಳಿದ್ದರೆ ಅಂದೇ ಸಿಕ್ಕಿಬೀಳುತ್ತಿದ್ದಿರಿ."

ಅವನು ವೈರನ್ನು ಬೆರಳಿಗೆ ಸುತ್ತಿಕೊಂಡ. "ಅದನ್ನ ನೋಡಿದ್ರೆ ನೀವು ನನ್ನ ಈ ಬಾಗಿಲಿಗೆ ಸೇರ್ಸಲ್ಲ."

"ನೀವು ಬಾರದೆ ಇರುವುದು ನನಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ತನ್ನಿ."

ಶುಕ್ರವಾರ ತಂದ. ಟೇಪಿಗೆ ಬೂಷ್ಟಿರಲಿಲ್ಲ. ಆದರೆ ಅಂಚು ಸವೆದು ಪುಡಿ ಬಿಡುತ್ತಿತ್ತು. ಉಳಿದ ನಾಲ್ಕಕ್ಕಿಂತ ಅದು ಹೆಚ್ಚು ಸಲ ಓಡಿತ್ತೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಇನ್ನೊಂದ್ಸಲ ಓಡ್ತದೆ ಅಂತ ನಂಬ್ಕೆ ಇಲ್ಲ. ಏನಾದ್ರೂ ನಿಲ್ಲಿಸ್ಬ್ಯಾಡಿ," ಎಂದು ಹೇಳಿ, ಪರದೆಯ ಮೂಲೆಯಲ್ಲಿ ನಿಮಿಷಗಳ ಎಣಿಕೆ ಶುರುವಾದದ್ದನ್ನು ನೋಡಿಕೊಂಡು ಅವನು ಎದ್ದ. "ನಾನು ಹೊರಗೆ ಇರ್ತೀನಿ."

ಹೊಂಗೆ ಮರದ ಕೆಳಗೆ ಸಂಜೀವಯ್ಯನ ಪಕ್ಕದಲ್ಲಿ ಅವನು ಕುಳಿತದ್ದು ಕಿಟಕಿಯಿಂದ ಕಾಣುತ್ತಿತ್ತು. ಬೆನ್ನು ಮಾತ್ರ.

ಪರದೆಯಲ್ಲಿ ಹಸೆಮಣೆ, ಅಂತರಪಟ, ಜೀರಿಗೆ ಬೆಲ್ಲ. ಎಣಿಕೆ ಇಪ್ಪತ್ಮೂರು ನಿಮಿಷ ಹತ್ತು ಸೆಕೆಂಡಿಗೆ ಬಂದಾಗ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ!" ಎಂದರು. ಅನಿಲ್ ಕುಮಾರ್ ತಾಳಿ ಹಿಡಿದು ಬಾಗಿದ. ಆ ಕ್ಷಣದಲ್ಲಿ ಚಿತ್ರ ಮೆಲ್ಲಗೆ ಎಡಕ್ಕೆ ಸರಿಯಿತು. ಮದುಮಗಳು ಅಂಚಿಗೆ ಹೋದಳು, ಅಂಚಿನಿಂದ ಆಚೆ ಹೋದಳು. ಚೌಕದ ನಡುವೆ ಉಳಿದವಳು ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ ವೇದಾವತಿ.

ಚಿತ್ರ ಅಲ್ಲಿಂದ ಕದಲಲಿಲ್ಲ.

ಎರಡು ಸೆಕೆಂಡು, ಹತ್ತು, ಇಪ್ಪತ್ತು. ಮದುವೆಯ ವೀಡಿಯೋ ತೆಗೆಯುವವನು ಬೇರೆ ಏನನ್ನು ಬಿಟ್ಟರೂ ಕ್ಷಮೆಯುಂಟು, ತಾಳಿ ಬಿಟ್ಟರೆ ಇಲ್ಲ. ಅವನು ತಾಳಿ ಬಿಟ್ಟಿದ್ದ. ಎಲ್ಲ ಕಡೆಯಿಂದ ಅಕ್ಷತೆ ಹಾರಿತು, ವಾಲಗ ಭೋರ್ಗರೆಯಿತು, ಸುತ್ತಲಿನ ಕೈಗಳೆಲ್ಲ ಬರಿದಾದವು. ಒಂದು ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಆ ಹುಡುಗಿ ತಂಗಿಯನ್ನು ನೋಡುತ್ತಿರಲಿಲ್ಲ. ಅವಳು ನೇರವಾಗಿ, ರೆಪ್ಪೆ ಮಿಟುಕಿಸದೆ, ಕ್ಯಾಮೆರಾದ ಕಡೆಗೆ ನೋಡುತ್ತಿದ್ದಳು.

ಇದನ್ನು ಪಾವಗಡದ ಬೀಗರ ಮನೆಯ ನಡುಮನೆಯಲ್ಲಿ ಟಿವಿಗೆ ಹಾಕಿದ್ದರೆ ಏನಾಗುತ್ತಿತ್ತೆಂಬುದನ್ನು ವೇದಾವತಿ ಊಹಿಸಬಲ್ಲಳು. ತಂಗಿಗೆ ಮೊದಲು ಮದುವೆಯಾಗಿ ತಾನುಳಿದ ಅಕ್ಕ, ತಾಳಿ ಕಟ್ಟುವ ಹೊತ್ತಿನಲ್ಲಿ ವೀಡಿಯೋದವನನ್ನು ನೋಡುತ್ತ ನಿಂತಿದ್ದಾಳೆ! ಕತ್ತರಿಸಿದರೆ ತಾಳಿಯೇ ಇಲ್ಲದ ಮದುವೆಯ ಕ್ಯಾಸೆಟ್ಟು. ಅವನು ಎರಡನ್ನೂ ಮಾಡಲಿಲ್ಲ. ಕೆಟ್ಟ ಹೆಸರನ್ನು ತಾನು ಹೊತ್ತುಕೊಂಡು ಹೋದ.

ಆಗ ವಾಲಗದ ಸದ್ದಿನ ನಡುವೆ, ಮೈಕಿಗೆ ತೀರ ಹತ್ತಿರದಲ್ಲಿ, ಒಂದು ದನಿ ಕೇಳಿಸಿತು. ಧಾರೆ ಎರೆದು ಪಕ್ಕಕ್ಕೆ ಸರಿದು, ಕ್ಯಾಮೆರಾ ಹಿಡಿದವನ ಮೊಣಕೈಯ ಬಳಿ ನಿಂತವರ ದನಿ.

"ನೋಡೇ ಅಲ್ಲಿ. ನಮ್ಮ ದೊಡ್ಡೋಳ ಕಡೀಕ್ ತಿರುಗ್ಸವ್ನೆ ಕ್ಯಾಮ್ರಾನ."

ಅಮ್ಮನ ದನಿ: "ಸುಮ್ಕಿರಿ, ತಾಳಿ ಕಟ್ತಾವ್ರೆ."

"ಕಟ್ಲಿ ಬುಡು. ಅವ್ಳೂ ಅವ್ನನ್ನೇ ನೋಡ್ತಾವ್ಳೆ." ಒಂದು ಸಣ್ಣ ನಗು. "ಹುಡ್ಗ ಒಳ್ಳೇನಂಗವ್ನೆ ಕಣೇ. ಕ್ಯಾಸೆಟ್ ಕೊಡಾಕ್ ಬತ್ತಾನಲ್ಲ, ಅವತ್ತು ಕೇಳಾನ."

ಚಿತ್ರ ಬೆಚ್ಚಿಬಿದ್ದಂತೆ ಬಲಕ್ಕೆ ಹೊರಳಿತು. ಶೃತಿಯ ಕೊರಳಲ್ಲಿ ತಾಳಿ ಇತ್ತು. ಎಣಿಕೆ ಇಪ್ಪತ್ಮೂರು ನಿಮಿಷ ಐವತ್ತೇಳು ಸೆಕೆಂಡು.

ನಲವತ್ತೇಳು ಸೆಕೆಂಡು.

ವೇದಾವತಿ ಎದ್ದಳು. ಮತ್ತೆ ಕುಳಿತಳು. ಟೇಪು ನಿಲ್ಲಿಸುವಂತಿರಲಿಲ್ಲ, ಅದನ್ನು ಒಂಟಿಯಾಗಿ ಬಿಟ್ಟು ಹೋಗಲು ಧೈರ್ಯವಿರಲಿಲ್ಲ. ಆಚೆ ಅವನ ಬೆನ್ನು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ. ಅವಳು ಕೂಗಲಿಲ್ಲ. ಇನ್ನು ಮೂವತ್ತಾರು ನಿಮಿಷ ಮೂರು ಸೆಕೆಂಡು. ಏಳು ಸಾವಿರ ದಿನಗಳನ್ನು ಅವಳು ಹೇಗೋ ಕಳೆದಿದ್ದಳು. ಈ ಮೂವತ್ತಾರು ನಿಮಿಷಗಳನ್ನು ಒಂದೊಂದಾಗಿ ಎಣಿಸಿ ಕಳೆದಳು.

ಅಪ್ಪ ಕೇಳುತ್ತಿದ್ದದ್ದು ಹುಡುಗ ಬಂದನೇ ಎಂದು. ಹದಿನೆಂಟು ಸಲ ಕೇಳಿದ್ದ. ಹದಿನೆಂಟು ಸಲವೂ ಅವಳು "ಇಲ್ಲಪ್ಪ" ಎಂದು ಅನ್ನ ಬಡಿಸಿದ್ದಳು.

ಟೇಪು ಮುಗಿದಾಗ ಬಾಗಿಲಿಗೆ ಹೋದಳು. ಅವನು ಎದ್ದು ನಿಂತ, ತಪ್ಪು ಲೆಕ್ಕ ಮಾಡಿ ಸ್ಲೇಟು ಹಿಡಿದವನಂತೆ.

"ತಾಳಿ ಕಟ್ಟೋದೇ ಬಿಟ್ಟೋಯ್ತು ಮೇಡಂ. ಯಾವ ಮೊಖ ಇಟ್ಕೊಂಡು ಬರ್ಲಿ? ನಿಮ್ಮ ಹೆಸ್ರು ಬೀದಿಗೆ ಬೀಳೋದು. ನಿಮ್ಮಪ್ಪಾರು ನೋಡಿದ್ರೆ ನನ್ನ..."

"ಒಳಗೆ ಬನ್ನಿ."

"ಬೈಯೋದಾದ್ರೆ ಇಲ್ಲೇ ಬೈದ್ಬುಡಿ."

"ಒಳಗೆ ಬಾ ಅಂದೆ."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಇಳಿದ ವೀಡಿಯೋವನ್ನು ಇಪ್ಪತ್ಮೂರು ನಿಮಿಷ ಹತ್ತಕ್ಕೆ ತಂದು, ಅವಳು ದನಿ ಏರಿಸಿದಳು.

ಅವನು ಮೊದಲು ಚಿತ್ರ ನೋಡಿ ತಲೆ ತಗ್ಗಿಸಿದ. ಆಮೇಲೆ ದನಿ ಬಂತು. ತಲೆ ನಿಧಾನವಾಗಿ ಮೇಲೆದ್ದಿತು. "ಅವತ್ತು ಕೇಳಾನ" ಎಂಬಲ್ಲಿಗೆ ಅವನು ಮಕ್ಕಳ ಸ್ಟೂಲಿನ ಮೇಲೆ ಕುಸಿದು, ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

"ಅವತ್ತು ನಂಗೆ ಯಾವ ಸದ್ದೂ ಕೇಳಿಸ್ಲಿಲ್ಲ," ಎಂದ. "ಮೊಣಕೈ ಪಕ್ಕದಲ್ಲೇ ನಿಂತು ಹೇಳವ್ರೆ. ಕೇಳಿಸ್ಲಿಲ್ಲ."

"ನಾನೂ ತಂಗಿಯ ತಾಳಿ ನೋಡಲಿಲ್ಲ," ಎಂದಳು ವೇದಾವತಿ. "ಎಲ್ಲರೂ ಕೇಳಿದಾಗ ನೋಡಿದೆ ಎಂದೆ. ಆ ಅಕ್ಷತೆ ಸಂಜೆಯವರೆಗೆ ನನ್ನ ಸೆರಗಿನ ಗಂಟಿನಲ್ಲಿತ್ತು."

ಮೇಜಿನ ಮೇಲೆ ಅವಳ ಕೈ ಇತ್ತು. ಅವನು ತನ್ನ ಕೈಯನ್ನು ಅದರ ಮೇಲಿಟ್ಟ. ಅಂತರ ಸೊನ್ನೆ.

"ಆ ತುಂಡನ್ನ ಕತ್ತರಿಸ್ಲಾ? ಎಡಿಟಿಂಗಲ್ಲಿ ಗೊತ್ತಾಗ್ದಂಗೆ..."

"ಒಂದು ಸೆಕೆಂಡೂ ಕತ್ತರಿಸಬೇಡ."

"ಮೇಡಮ್ಮೋರೇ," ಎಂದು ಹೊರಗಿನಿಂದ ಸಂಜೀವಯ್ಯ, "ಆರಾಯ್ತು. ಬೀಗ ಹಾಕ್ಲೋ, ಇನ್ನೊಂದು ಮದ್ವೆ ಐತೋ?"

ಭಾನುವಾರ ಬೆಳಿಗ್ಗೆ ವೇದಾವತಿ ಟ್ರಂಕಿನ ತಳದಿಂದ ಹಸಿರು ಸೀರೆ ತೆಗೆದಳು. ಮಡಿಕೆಯ ಗುಂಟ ಬಣ್ಣ ಬಿಳಿಚಿಕೊಂಡಿತ್ತು. ಉಟ್ಟಳು.

ಹನ್ನೊಂದು ಗಂಟೆಗೆ ಪ್ರಭುದೇವ್ ಬಂದ. ಏನನ್ನೂ ಕತ್ತರಿಸದೆ ಜೋಡಿಸಿದ ವೀಡಿಯೋ ಪೆನ್ ಡ್ರೈವಿನಲ್ಲಿತ್ತು. ಆದರೂ ಕೈಯಲ್ಲಿ ಐದು ಟೇಪುಗಳನ್ನೂ ಹಿಡಿದಿದ್ದ. ಅವಳ ಸೀರೆಯನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ.

"ಬೆಳಕು ನೋಡ್ತಿದೀರಾ?" ಎಂದಳು.

"ಹೂಂ," ಎಂದ. "ಚೆನ್ನಾಗೈತೆ."

ಅಶ್ವತ್ಥಮ್ಮ ಟಿವಿಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ಗಂಡನ ದನಿ ಬಂದಾಗ ಅವಳ ಕೈ ಪಕ್ಕದ ಖಾಲಿ ಚಾಪೆಯನ್ನು ತಡವಿತು. ಮೂರು ಸಲ ಹಾಕಿಸಿ ಕೇಳಿದಳು. ಮೂರನೆಯ ಸಲ, "ಸುಮ್ಕಿರಿ, ತಾಳಿ ಕಟ್ತಾವ್ರೆ," ಎಂದು ಟಿವಿಗೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಯಾಕಮ್ಮ ಹೇಳಲಿಲ್ಲ?" ಎಂದು ವೇದಾವತಿ ಕೇಳಿದಳು.

"ನಿಮ್ಮಪ್ಪ ಬ್ಯಾಡ ಅಂದ್ರು ಕಣಮ್ಮ. ಕೇಳೋನು ತಾನಾಗಿ ಬರ್ಬೇಕು, ಹೆಣ್ಣಿನ ಕಡೆಯೋರು ಹೋಗಿ ಕರ್ಯೋದಲ್ಲ ಅಂದ್ರು. ನಿಂಗೆ ಹೇಳ್ಬುಟ್ರೆ ನೀನು ಕಾಯ್ತಾ ಕೂತ್ಬುಡ್ತೀಯ ಅಂದ್ರು."

"ಹೇಳದೆ ಇದ್ದರೂ ಕಾದೆನಲ್ಲಮ್ಮ."

ಅಶ್ವತ್ಥಮ್ಮ ಪ್ರಭುದೇವನ ಕಡೆ ತಿರುಗಿದಳು. "ಅವ್ರು ಕೇಳ್ಬೇಕು ಅಂದಿದ್ದನ್ನ ನಾನೇ ಕೇಳ್ಲೇನಪ್ಪಾ?"

"ಬ್ಯಾಡಮ್ಮ," ಎಂದ ಅವನು. ಗೋಡೆಯ ಮೇಲಿದ್ದ ರಂಗಯ್ಯನ ಫೋಟೋದ ಕೆಳಗೆ ಹೋಗಿ, ಐದು ಟೇಪುಗಳನ್ನು ಸಾಲಾಗಿ ಇಟ್ಟ: ೧, ೨, ೩, ೪, ೫. ಕೈ ಕಟ್ಟಿ ನಿಂತ. "ಕ್ಯಾಸೆಟ್ ತಂದಿದೀನಿ ಸಾ. ತಡ ಆಯ್ತು. ಇನ್ನೊಂದು ಮಾತು ಕೇಳೋದೈತೆ ಅಂದಿದ್ದೆ." ಆ ಮಾತನ್ನು ಪೂರ್ತಿ ಕೇಳಿದ, ಒಂದು ಪದವನ್ನೂ ಬಿಡದೆ.

ಫೋಟೋ ಏನು ಹೇಳೀತು? ಅದರ ಪರವಾಗಿ ಅಶ್ವತ್ಥಮ್ಮ ಮಗಳ ಮುಖ ನೋಡಿದಳು. ಮಗಳು ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ಪಾವಗಡದಿಂದ ಶೃತಿಯ ವೀಡಿಯೋ ಕಾಲ್ ಬಂತು. ಹತ್ತೊಂಬತ್ತು ವರ್ಷದಲ್ಲಿ ಅವಳ ಮಾತಿಗೆ ಆ ಕಡೆಯ ತೆಲುಗು ಬೆರೆತಿತ್ತು. ಅಜ್ಜಿಯ ಹಿಂದೆ ಕುಳಿತು ನೋಡಿದ್ದ ಚೈತ್ರ ಆಗಲೇ ಅವಳಿಗೆ ಎಲ್ಲ ಹೇಳಿದ್ದಳು. "ಅಯ್ಯೋ ದೇವುಡಾ! ಅಕ್ಕಾ, ನಂದು ತಾಳಿ ಎಕ್ಕಡ? ಮದ್ವೆ ನಂದು, ಮೊಖ ನಿಂದು! ಬಾವಾ, ಕೇಳಿಸ್ತಾ ಐತಾ? ಆ ನಲವತ್ತೇಳು ಸೆಕೆಂಡು ನಂಗೆ ವಾಪಸ್ ಬೇಕು. ನಿಮ್ಮಿಬ್ಬರ ಮದ್ವೇಲಿ ಕ್ಯಾಮೆರಾ ನಾನೇ ಹಿಡಿಯೋದು, ಚೂಡಂಡಿ, ಒಂದು ಸೆಕೆಂಡೂ ಆ ಕಡೆ ಈ ಕಡೆ ತಿರುಗ್ಸಲ್ಲ!"

ಬಾವ ಎಂದು ಕರೆಸಿಕೊಂಡವನು ಎಡಗಣ್ಣು ಕಿರಿದು ಮಾಡಿದ. ವೇದಾವತಿ ಫೋನನ್ನು ತೆಗೆದುಕೊಂಡಳು.

"ಕೊಡುತ್ತೇವೆ," ಎಂದಳು. "ದಿನ ಹೇಳುವುದಿಲ್ಲ. ದಿನ ಹೇಳಿದವರನ್ನು ಕಂಡಿದ್ದೇನೆ."

ಏಳು ಸಾವಿರದ ನೂರ ಹನ್ನೆರಡನೆಯ ದಿನ ಕ್ಯಾಸೆಟ್ಟು ಮನೆ ಸೇರಿತು. ಕೇಳಬೇಕಾದ ಮಾತನ್ನು ಕೇಳಿಯೂ ಆಯಿತು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವನು ಎಂಟು ತಿಂಗಳ ಹಿಂದೆ ಹೋಗಿದ್ದ. ಆ ಕೊರತೆಯನ್ನು ಯಾವ ಕೂಡುವಿಕೆಯೂ ತುಂಬಲಾರದು. ಶೃತಿಗೆ ಕೊಡಬೇಕಾದ ನಲವತ್ತೇಳು ಸೆಕೆಂಡು ಬಾಕಿ ಉಳಿಯಿತು.